ಬಟ್ಟೆ ಹೊದಿಸಿದ ಜಾಡಿ

ನಮ್ಮ ಮನೆಯಲ್ಲಿ ಹೆಂಗಸರು ಎರಡು ಕೆಲಸಗಳನ್ನು ಯಾರ ಕಣ್ಣಿಗೂ ಬೀಳದ ಹಾಗೆ ಮಾಡಬೇಕಿತ್ತು. ಒಂದು, ಅಳುವುದು. ಇನ್ನೊಂದರ ಹೆಸರು ಬರೆಯಲು ಈ ವಯಸ್ಸಿನಲ್ಲೂ ನನಗೆ ಕೈ ಬರುವುದಿಲ್ಲ. ಆದರೆ ನಾನು ಹೇಳಹೊರಟಿರುವುದೇ ಅದರ ಕಥೆಯಾದ್ದರಿಂದ ಒಂದು ಸಲ ಬರೆದು ಕೈ ತೊಳೆದುಕೊಳ್ಳುತ್ತೇನೆ: ಮೂತ್ರ. ಮೊಮ್ಮಗಳು ಓದಿದರೆ ಬಿದ್ದು ಬಿದ್ದು ನಗುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎನ್ನುವುದೇ ನನಗಿರುವ ಧೈರ್ಯ.

ನಾನು ಹುಟ್ಟಿ ಬೆಳೆದದ್ದು ಅಕ್ಕಲಕೋಟೆಯಲ್ಲಿ. ಅಪ್ಪ ತಾಲೂಕು ಕಚೇರಿಯಲ್ಲಿ ಕಾರಕೂನರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜಗಳಕ್ಕೆ ಎರಡೂ. ಕನ್ನಡ ಅಕ್ಷರ ತಿದ್ದಿಸಿದವಳು ಅಜ್ಜಿ. ಚಿಕ್ಕವಳಿದ್ದಾಗ ನನಗೊಂದು ಜ್ವರ ಬಂದು ಮೊಣಕಾಲು, ಮಣಿಕಟ್ಟು ಒಂದಾದ ಮೇಲೊಂದು ಬಾತುಕೊಂಡವು. ಎಣ್ಣೆ ತಿಕ್ಕಿದರು, ವಿಭೂತಿ ಹಚ್ಚಿದರು, ಜ್ವರ ಹೋಯಿತು. ಅದು ಕೀಲುಗಳನ್ನು ಬಿಟ್ಟು ಹೃದಯಕ್ಕೆ ಹೋಗಿ ಕೂತಿತ್ತು ಎಂದು ತಿಳಿಯುವ ಹೊತ್ತಿಗೆ ನಾನು ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ಎರಡು ಯುಗಾದಿ ಕಳೆದಿದ್ದವು.

ಮಾವನವರ ಅಂಗಡಿ ಊರಿಗೆ ಗೊತ್ತಿದ್ದ ಅಂಗಡಿ. ಬೋರಾಮಣಿ, ಕಂದಲಗಾಂವದ ಕಡೆಯಿಂದ ಮದುವೆಯವರು ಗಾಡಿ ಕಟ್ಟಿಕೊಂಡು ಬಂದು ಇಡೀ ಮನೆಯ ಬಟ್ಟೆಯನ್ನು ಒಂದೇ ಗಂಟಿನಲ್ಲಿ ಒಯ್ಯುತ್ತಿದ್ದರು. ಅದಕ್ಕೆ ನಮ್ಮಲ್ಲಿ ಬಸ್ತಾ ಕಟ್ಟುವುದು ಎನ್ನುತ್ತಾರೆ. ಮಾವನವರಿಗೆ ಒಂದು ಪದ್ಧತಿಯಿತ್ತು. ಸೀರೆಯನ್ನು ಮಡಿಕೆ ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ನೋಡುವುದು. ಎಲ್ಲಾದರೂ ಎಳೆ ಹೋಗಿದ್ದರೆ ಗಿರಾಕಿ ಕಾಣುವ ಮುಂಚೆ ತಾವೇ ಬೆರಳಿಟ್ಟು ತೋರಿಸುವುದು. "ಎಳಿ ಹೋದ ಮಾಲು ಮುಚ್ಚಿ ಕೊಟ್ಟಾಂವ ಗದ್ದಿಗಿ ಮ್ಯಾಲ ಕುಂದ್ರಬಾರದು" ಎನ್ನುವುದು ಅವರ ಮಾತು. ಅದನ್ನು ಅವರು ದಿನಕ್ಕೊಮ್ಮೆಯಾದರೂ ಹೇಳಬೇಕು, ನಾವು ಕೇಳಬೇಕು.

ನನ್ನೊಂದಿಗೆ ಮಾತ್ರ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾವ ಸೊಸೆಯೊಂದಿಗೆ ಮಾತಾಡುವುದು ಅತ್ತೆಯ ಮೂಲಕ, ಅತ್ತೆ ಇಲ್ಲದಿದ್ದರೆ ಗೋಡೆಯ ಮೂಲಕ. "ಚಾ ಆಗೈತೇನು ಕೇಳು" ಎಂದು ಅವರು ಗೋಡೆಗೆ ಹೇಳುತ್ತಿದ್ದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಚಹಾ ಇಟ್ಟು ಬರುತ್ತಿದ್ದೆ. ಗೋಡೆಗೆ ಚಹಾ ಕೊಟ್ಟ ಹಾಗೆ.

ಮಹಡಿಗೆ ನೀರು ಹೊತ್ತರೆ ನನಗೆ ಏದುಸಿರು ಬರುತ್ತಿತ್ತು. "ಓದಿದ ಹುಡುಗಿ, ಕೆಲಸ ಅಂದ್ರ ದಮ್ಮು ಹತ್ತತೈತಿ" ಎಂದು ಅತ್ತೆ ಚುಚ್ಚುತ್ತಿದ್ದರು. ಒಂದು ದಿನ ಅರ್ಧ ಮೆಟ್ಟಿಲಲ್ಲೇ ಕೊಡ ಸಮೇತ ಕುಸಿದೆ. ಡಾಕ್ಟರು ಎದೆಗೆ ನಳಿಕೆ ಹಚ್ಚಿ ಬಹಳ ಹೊತ್ತು ಕೇಳಿದರು. ಹೃದಯದ ಒಂದು ಬಾಗಿಲು ಕಿರಿದಾಗಿದೆ, ಆಪರೇಶನ್ ಮಾಡಿ ಅಗಲ ಮಾಡಬೇಕು ಎಂದರು. ಸುದ್ದಿ ಕೇಳಿ ಅಕ್ಕಲಕೋಟೆಯಿಂದ ಅಪ್ಪ ಬಂದರು. ಒಳಗೆ ಬರದೆ ಹೊಸ್ತಿಲ ಹೊರಗೇ ನಿಂತು ಕೈ ಮುಗಿದರು.

"ಆಣಿ ಮಾಡಿ ಹೇಳ್ತೀನ್ರಿ, ನಮಗ ಗೊತ್ತಿರಲಿಲ್ಲ."

"ಗೊತ್ತಿದ್ದು ಕೊಟ್ಟಿದ್ರೂ ತಿರುಗಿ ಕಳಸ್ತಿದ್ವೇನ್ರಿ ಬೀಗರ?" ಎಂದರು ಮಾವನವರು. "ಬಸ್ತಾ ಕಟ್ಟಿದ ಮ್ಯಾಲ ನಮ್ಮ ಅಂಗಡ್ಯಾಗ ವಾಪಸ್ ಅನ್ನೂದಿಲ್ಲ. ಒಳಗ ಬರ್ರಿ."

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾನು, ಎಳೆ ಹೋದ ಸೀರೆ, ನಗಲಿಲ್ಲ. ಆ ಹೊತ್ತಿನಿಂದ ಈ ಮನೆಯವರ ಮುಂದೆ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ದೊಡ್ಡ ಬರ ಮುಗಿದ ಮರುವರ್ಷ ಅದು. ಮುಂಬೈಯ ಸರ್ಜನ್ ಒಬ್ಬರು ಆಗಾಗ ಸೊಲ್ಲಾಪುರದ ಒಂದು ಆಸ್ಪತ್ರೆಗೆ ಬಂದು ಇಂಥ ಆಪರೇಶನ್ ಮಾಡುತ್ತಿದ್ದರು. ಎಡಮೊಲೆಯ ಕೆಳಗೆ ಪಕ್ಕೆಲುಬುಗಳ ನಡುವೆ ಕೊಯ್ದು, ಹೃದಯದೊಳಗೆ ಬೆರಳು ಹಾಕಿ, ಅಂಟಿಕೊಂಡ ಬಾಗಿಲನ್ನು ಬಿಡಿಸುವುದು. ನನ್ನನ್ನು ಆಪರೇಶನ್ನಿಗೆ ಒಳಗೆ ಒಯ್ಯುವ ಹೊತ್ತಿಗೆ ಒಂದು ತಕರಾರು ಎದ್ದಿತು. ನಾವು ಲಿಂಗವಂತರು. ಕೊರಳಲ್ಲಿ ಕಟ್ಟಿದ ಲಿಂಗ ಮೈ ಬಿಟ್ಟು ಇರಬಾರದು. ದಿನವೂ ಸ್ನಾನ ಮಾಡಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ಬಾಯಿಗೆ ನೀರು. ನರ್ಸು ತೆಗೆಯಿರಿ ಎಂದಳು, ಅತ್ತೆ ತೆಗೆಯುವುದಿಲ್ಲ ಎಂದರು. ಕೊನೆಗೆ ಸರ್ಜನ್‌ರೇ ಬಂದು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಬಲತೋಳಿಗೆ ಕಟ್ಟಲು ಒಪ್ಪಿದರು. ಅತ್ತೆ ಗೆದ್ದು ಬಂದವರ ಹಾಗೆ ಹೊರಗೆ ಹೋಗಿ ಕೂತರು.

ನನಗೆ ಎಚ್ಚರವಾದಾಗ ಎದೆಯಲ್ಲಿ ಬೆಂಕಿ ಇತ್ತು, ಉಸಿರು ಮಾತ್ರ ಹಗುರವಾಗಿತ್ತು. ಹೃದಯ ಚೆನ್ನಾಗಿದೆ ಎಂದರು. ಆದರೆ ವಾರ್ಡಿನ ಡಾಕ್ಟರು, ಇದೇ ಊರಿನ ಚಿಕ್ಕ ವಯಸ್ಸಿನ ಮರಾಠಿಗರು, ಮಂಚದ ಪಕ್ಕದಲ್ಲೇ ನಿಂತು ಮಾವನವರಿಗೆ ಮತ್ತೊಂದು ವಿಷಯ ಹೇಳಿದರು. ಅವರ ಕನ್ನಡ ಪೇಟೆಯಲ್ಲಿ ಕಲಿತದ್ದು.

"ಘಾಬರಿ ಆಗಬ್ಯಾಡ್ರಿ. ಆಪರೇಶನ್ದಾಗ ಬ್ಲಡ್ ಪ್ರೆಶರ್ ಸ್ವಲ್ಪ ಹೊತ್ತು ಭಾಳ ಇಳದಿತ್ತು. ಕಿಡ್ನಿಗೆ ರಕ್ತ ಕಮ್ಮಿ ಸಿಕ್ಕಿರಬೇಕು. ಅವು ಸಿಟ್ಟಾಗ್ಯಾವೋ ಇಲ್ಲೋ ನೋಡಬೇಕು."

"ಹ್ಯಾಂಗ ತಿಳೀತೈತ್ರಿ ಅದು?"

"ರಕ್ತದಾಗ ಯೂರಿಯಾ, ಕ್ರಿಯಾಟಿನಿನ್ ಅಂತ ಇರ್ತಾವ. ಕಿಡ್ನಿ ಕೆಲಸ ಬಿಟ್ರ ಏರತಾವ. ದಿನಾ ರಕ್ತ ತಗದು ನೋಡ್ತೀವಿ. ಆದ್ರ ರಕ್ತ ಸಾವಕಾಶ ಹೇಳ್ತೈತ್ರಿ. ಅದು ಹೇಳೂದ್ರಾಗ ತಡ ಆಗಿರ್ತೈತಿ. ಅದಕ್ಕ ಮೊದಲ ಹೇಳೂದು ಇದು."

ಅವರು ಮಂಚದ ಕೆಳಗೆ ಬೊಟ್ಟು ಮಾಡಿದರು. ಅಲ್ಲಿ ಗೆರೆ ಹಾಕಿದ ಒಂದು ಗಾಜಿನ ಜಾಡಿ ಇತ್ತು. ಅದರಲ್ಲಿ ಏನಿತ್ತು ಎಂದು ಇನ್ನೊಮ್ಮೆ ಬರೆಯುವುದಿಲ್ಲ.

ಮೊದಲ ದಿನಗಳಲ್ಲಿ ನಳಿಕೆ ಹಾಕಿದ್ದರು, ನನ್ನ ಕೈಯಲ್ಲಿ ಏನೂ ಇರಲಿಲ್ಲ. ನಳಿಕೆ ತೆಗೆದ ಮೇಲೆ ನನ್ನ ಕಷ್ಟ ಶುರುವಾಯಿತು. ಡಾಕ್ಟರು ಹೇಳಿದ್ದನ್ನು ಮಾವನವರು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದರು. ಬೆಳಿಗ್ಗೆ ಸ್ನಾನ ಪೂಜೆ ಮುಗಿಸಿ, ಹಣೆಗೆ ಮೂರು ಬೆರಳ ವಿಭೂತಿ, ತಲೆಗೆ ಬಿಳಿ ಟೋಪಿ, ಅಂಗಡಿ ತೆಗೆಯುವುದನ್ನು ನನ್ನ ಗಂಡನಿಗೆ ಬಿಟ್ಟು ನೇರ ಆಸ್ಪತ್ರೆಗೆ ಬರುತ್ತಿದ್ದರು. ಬಂದವರೇ ಮಂಚದ ಕೆಳಗೆ ಬಗ್ಗಿ ಜಾಡಿಯನ್ನು ತೆಗೆದು, ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಸೀರೆ ನೋಡುವ ಹಾಗೆಯೇ, ಒಂದು ಕಣ್ಣು ಸ್ವಲ್ಪ ಮುಚ್ಚಿ. ಆಮೇಲೆ ಬಾಗಿಲಿಗೆ ಹೋಗಿ ಹೊರಗೆ ಬೆಂಚಿನ ಮೇಲೆ ಕೂತ ನೆಂಟರಿಗೆ ಕೇಳುವ ಹಾಗೆ ಹೇಳುತ್ತಿದ್ದರು.

"ನಿನ್ನಿಗಿಂತ ಎರಡು ಬೆರಳು ಜಾಸ್ತಿ ಐತಿ."

"ಚಲೋ ಆತ್ ಬಿಡ್ರಿ!"

ನೆಂಟರು ಅದನ್ನು ಪೇಟೆಗೆ ಒಯ್ಯುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಕ್ಕಪಕ್ಕದ ಅಂಗಡಿಗಳವರು, ಬಸ್ತಾ ಕಟ್ಟಲು ಬಂದ ಬೋರಾಮಣಿಯವರು, ಎಲ್ಲರಿಗೂ ನನ್ನ ಹಿಂದಿನ ದಿನದ ಲೆಕ್ಕ ಗೊತ್ತು. ಅವರಲ್ಲಿ ಕುಹಕ ಇರಲಿಲ್ಲ. ವ್ಯಾಪಾರಿಗಳು; ಬೆಳಿಗ್ಗೆ ಎದುರಿಗೆ ಸಿಕ್ಕವನನ್ನು ಮೊದಲ ವ್ಯಾಪಾರ ಆಯಿತೇ ಎಂದು ಕೇಳುವುದು ಅವರಿಗೆ ನಮಸ್ಕಾರ ಇದ್ದ ಹಾಗೆ. ಒಂದು ಬೆಳಿಗ್ಗೆ ದೂರದ ನೆಂಟರೊಬ್ಬರು ವಾರ್ಡಿನ ಬಾಗಿಲಲ್ಲಿ ನಿಂತು, ಮೊಸರಿನ ಗಡಿಗೆ ಕೈಯಲ್ಲಿ ಹಿಡಿದು, ಪೂರ್ತಿ ಅಕ್ಕರೆಯಿಂದಲೇ ಕೇಳಿದರು: "ಹ್ಯಾಂಗ್ರಿ, ಇವತ್ತಿನ ಬೋಣಿ ಆತೇನು?"

ಸರ್ಜನ್ ನನ್ನ ಹೃದಯದೊಳಗೆ ಬೆರಳು ಹಾಕಿದಾಗ ನನಗೆ ನಾಚಿಕೆಯಾಗಿರಲಿಲ್ಲ, ಯಾಕೆಂದರೆ ಎಚ್ಚರವಿರಲಿಲ್ಲ. ಈಗ ಎಚ್ಚರವಿತ್ತು. ಯಾರ ಮುಂದೆ ನಾನು ಹಣೆ ಸಹ ಪೂರ್ತಿ ತೋರಿಸಿರಲಿಲ್ಲವೋ ಅವರು ನನ್ನ ಜಾಡಿಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಸೆರಗನ್ನು ಗಲ್ಲದ ತನಕ ಎಳೆದುಕೊಂಡು ಭೂಮಿ ಬಾಯಿ ಬಿಡಲಿ ಎಂದು ಬೇಡುತ್ತಿದ್ದೆ. ಎರಡನೇ ಮಹಡಿಯಲ್ಲಿ ಮಲಗಿದವಳಿಗೆ ಭೂಮಿ ಎಲ್ಲಿಂದ ಬಾಯಿ ಬಿಡಬೇಕು?

ಉಪಾಯ ಹೊಳೆಯಿತು. ನೀರು ಕುಡಿಯದಿದ್ದರೆ ಜಾಡಿ ತುಂಬುವುದಿಲ್ಲ, ತುಂಬದಿದ್ದರೆ ತೋರಿಸಲು ಏನೂ ಇರುವುದಿಲ್ಲ. ಮ್ಯಾಟ್ರಿಕ್ ಪಾಸಾದ ಹುಡುಗಿಯ ತಲೆ ಇಷ್ಟು ಓಡಿತು. ಹೃದಯದ ರೋಗಿ ಎಂದು ನನಗೆ ಕುಡಿಯುವ ನೀರೂ ಅಳತೆಯಲ್ಲೇ ಬರುತ್ತಿತ್ತು. ನರ್ಸು ಲೋಟ ಇಟ್ಟರೆ "ಪೂಜಿ ಆಗಿಲ್ರಿ, ಆಮ್ಯಾಲ ಕುಡಿತೀನಿ" ಎನ್ನುತ್ತಿದ್ದೆ. ಹೊಲಿಗೆ ಹಸಿಯಿದ್ದವಳಿಗೆ ಸ್ನಾನವಿಲ್ಲ, ಸ್ನಾನವಿಲ್ಲದೆ ಪೂಜೆಯಿಲ್ಲ. ಎಲ್ಲರೂ ಆಚೆ ಹೋದ ಮೇಲೆ ನೀರನ್ನು ಉಗುಳುವ ಬಟ್ಟಲಿಗೆ ಸುರಿಯುತ್ತಿದ್ದೆ. ಗೋಡೆ ಹಿಡಿದು ನಡೆಯಲು ಬಂದ ಮೇಲೆ ಬಚ್ಚಲ ಮೋರಿಗೆ ಹೋಗಿ, ಜಾಡಿಗೆ ಸೇರಬೇಕಾದದ್ದರಲ್ಲೂ ಅರ್ಧ ಅಲ್ಲೇ ಚೆಲ್ಲಿ ಬರುತ್ತಿದ್ದೆ.

ಇದರಿಂದ ನಾನು ಅಂದುಕೊಳ್ಳದೇ ಇದ್ದದ್ದು ಒಂದು ನಡೆಯಿತು. ನಾನು ಭಕ್ತೆಯಾದೆ. "ನಮ್ಮ ಸೊಸಿ ಲಿಂಗಪೂಜಿ ಇಲ್ಲದ ಹನಿ ನೀರು ಮುಟ್ಟಂಗಿಲ್ಲ, ಎದಿ ಸೀಳಿದ್ರೂ" ಎಂದು ಅತ್ತೆ ಬಂದವರಿಗೆಲ್ಲ ಹೇಳತೊಡಗಿದರು. ಮೆಟ್ಟಿಲಲ್ಲಿ ದಮ್ಮು ಹತ್ತುತ್ತದೆಂದು ಚುಚ್ಚಿದ ಅದೇ ಅತ್ತೆ, ಕಣ್ಣಲ್ಲಿ ನೀರು ತಂದುಕೊಂಡು. ಅಕ್ಕಲಕೋಟೆಯಿಂದ ಬಂದ ಒಬ್ಬ ಮುದುಕಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಲು ಎಳೆದುಕೊಳ್ಳಲು ಹೋದೆ, ಹೊಲಿಗೆ ಜಗ್ಗಿತು. ಒಂದು ನಾಚಿಕೆ ತಪ್ಪಿಸಿಕೊಳ್ಳಲು ಹೋಗಿ ಅದಕ್ಕಿಂತ ದೊಡ್ಡದನ್ನು ತಲೆಯ ಮೇಲೆ ಹೊತ್ತುಕೊಂಡೆ. ಇಳಿಸಲು ಮಾತ್ರ ಗೊತ್ತಾಗಲಿಲ್ಲ.

ಜಾಡಿ ಇಳಿಯಿತು. ಮಾವನವರು ಕಿಟಕಿಯ ಹತ್ತಿರ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲತೊಡಗಿದರು, ಬಾಗಿಲಿಗೆ ಹೋಗಿ ಹೇಳುವುದನ್ನು ಬಿಟ್ಟರು. ರಕ್ತದಲ್ಲಿ ಯೂರಿಯಾ ಏರತೊಡಗಿತು. "ಯೂರಿಯಾ ಅಂದ್ರ ನಾವು ಜ್ವಾಳಕ್ಕ ಹಾಕೂದನ ಏನ್ರಿ?" ಎಂದು ಕಂದಲಗಾಂವದ ನೆಂಟರು ಕೇಳಿದಾಗ ಡಾಕ್ಟರು "ಅದಽ ರೀ" ಎಂದರು. ಎಲ್ಲರೂ ನಕ್ಕರು, ಮಾವನವರೊಬ್ಬರು ನಗಲಿಲ್ಲ. ನನ್ನ ತುಟಿ ಒಡೆದಿತ್ತು, ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಇದು ಕಾಯಿಲೆಯಲ್ಲ, ಬಾಯಾರಿಕೆ ಎಂದು ನನಗೊಬ್ಬಳಿಗೇ ಗೊತ್ತಿತ್ತು. ಆದರೆ ಡಾಕ್ಟರ ಮುಖ ನೋಡನೋಡುತ್ತ, ಇದು ನಿಜವಾದ ಕಾಯಿಲೆಯೇ ಆಗಿಬಿಟ್ಟಿದೆಯೋ ಏನೋ ಎಂಬ ಹೆದರಿಕೆಯೂ ಆಯಿತು.

"ನೀರು ಬರಾಬರ್ ಕುಡೀತಾರೇನ್ರಿ?" ಎಂದು ಅವರು ಅತ್ತೆಯನ್ನು ಕೇಳಿದರು.

"ಪೂಜಿ ಮುಗಿದ ಮ್ಯಾಲ ಕುಡೀತಾಳ್ರಿ" ಎಂದರು ಅತ್ತೆ. ಅವರು ಸುಳ್ಳು ಹೇಳಲಿಲ್ಲ. ನಾನು ಅವರಿಗೆ ಹೇಳಿದ್ದನ್ನೇ ಹೇಳಿದರು.

ಮರುದಿನ ಬೆಳಿಗ್ಗೆ ಅತ್ತೆ ಮನೆಯಿಂದ ತಂಬಿಗೆಯಲ್ಲಿ ನೀರು ತಂದರು. ಒದ್ದೆ ಬಟ್ಟೆಯಿಂದ ನನ್ನ ಕೈ, ಮುಖ ಒರೆಸಿ, ತೋಳಿಗೆ ಕಟ್ಟಿದ ಲಿಂಗವನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದರ ಕೆಳಗೆ ತಮ್ಮ ಅಂಗೈಯ ಆಸರೆ ಕೊಟ್ಟರು. ಪತ್ರಿ ಏರಿಸಿದರು. "ಹಾಸಿಗಿ ಮ್ಯಾಲಿನ ಪೂಜಿನೂ ಪೂಜಿನ. ಶಿವಗ ತಿಳೀತೈತಿ. ಇನ್ನ ಕುಡಿ ಅವ್ವಾ" ಎಂದು ಲೋಟ ಬಾಯಿಗೆ ಹಿಡಿದರು. ನಾನು ತುಟಿ ತೋಯಿಸಿ, ಸಾಕು ಎಂದು ಪಕ್ಕಕ್ಕೆ ತಿರುಗಿದೆ. ಅತ್ತೆ ತುಂಬಿದ ಲೋಟಕ್ಕೆ ತಟ್ಟೆ ಮುಚ್ಚಿ ಇಟ್ಟರು. ದೇವರ ನೆಪವೂ ತೀರಿತ್ತು, ಆದರೂ ಬಾಯಿ ಬಿಡಲಿಲ್ಲ ನಾನು.

ಅಂದು ಡಾಕ್ಟರು ಕ್ರಿಯಾಟಿನಿನ್ ಕೂಡ ಏರುತ್ತಿದೆ ಎಂದು ಹೇಳಿದ್ದು ಬಾಗಿಲಾಚೆಯಿಂದ ಕೇಳಿಸಿತು. ಹೀಗೇ ಹೋದರೆ ಮುಂಬೈಗೆ ಒಯ್ಯಬೇಕು, ಅಲ್ಲಿ ರಕ್ತ ತೊಳೆಯುವ ಯಂತ್ರವಿದೆ. ಇಷ್ಟು ಹಸಿ ಗಾಯದಲ್ಲಿ ಅಷ್ಟು ದೂರ ಒಯ್ಯುವುದು ಅಪಾಯವೇ. ಈಗೀಗ ಕೆಲವು ಕಡೆ ಒಬ್ಬರ ಕಿಡ್ನಿ ತೆಗೆದು ಇನ್ನೊಬ್ಬರಿಗೆ ಹಚ್ಚುವುದೂ ಶುರುವಾಗಿದೆ, ಆದರೆ ಅದು ಬಹಳ ಮುಂದಿನ ಮಾತು ಎಂದರು.

ಮಾರನೆಯ ಬೆಳಿಗ್ಗೆ ಮಾವನವರು ತಡವಾಗಿ ಬಂದರು. ಜಾಡಿಯನ್ನು ಮುಟ್ಟಲೇ ಇಲ್ಲ. ಕಿಟಕಿಯ ಹತ್ತಿರ ನಿಂತು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಕೈ ಎತ್ತಿದಾಗ ಅಂಗಿಯ ತೋಳು ಜಾರಿತು. ಮೊಳಕೈಯ ಒಳಸಂದಿಯಲ್ಲಿ ಹತ್ತಿಯ ಉಂಡೆ, ಮೇಲೆ ಅಂಟುಪಟ್ಟಿ. ದಿನಾ ರಕ್ತ ಕೊಟ್ಟು ನನ್ನ ಎರಡೂ ಕೈಗಳಲ್ಲಿ ಅಂಥದೇ ಇತ್ತು, ಅದಕ್ಕೇ ತಟ್ಟನೆ ಗುರುತಾಯಿತು. ಅವರು ಹೊರಗೆ ಹೋದ ಮೇಲೆ ಅತ್ತೆಯನ್ನು ಕೇಳಿದೆ.

"ಮಾವಾರಿಗೆ ಏನಾಗೈತ್ರಿ?"

"ಏನಿಲ್ಲ ಬಿಡು."

"ಕೈಯಾಗ ಹತ್ತಿ ಐತಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಯಾರಿಗೂ ಹೇಳಬ್ಯಾಡ ಅಂದಾರ. ತಮ್ಮ ಕಿಡ್ನಿ ಒಂದು ನಿನಗ ಕೊಡ್ತೀನಿ, ತಪಾಸ್ ಮಾಡ್ರಿ ಅಂತ ಡಾಕ್ಟರಗ ಗಂಟು ಬಿದ್ದು ರಕ್ತ ಕೊಟ್ಟು ಬಂದಾರ. ನಿಮ್ಮ ವಯಸ್ಸೇನು, ನಿಮಗೂ ಅಕಿಗೂ ರಕ್ತಸಂಬಂಧ ಸುದ್ದಾ ಇಲ್ಲ, ಹೊಂದೂದಿಲ್ಲ ಅಂದ್ರಂತ ಡಾಕ್ಟರು. ಅದಕ್ಕ ಇವರು, ಅಕಿ ನಮ್ಮ ಮನಿ ಮಗಳು, ನಮ್ಮ ರಕ್ತ ಯಾಕ ಹೊಂದೂದಿಲ್ಲ, ನೋಡ್ರಿ ನೀವು ಅಂದಾರ."

ನನ್ನ ಮೈಯಲ್ಲಿ ಅಳಲು ಬೇಕಾದಷ್ಟು ನೀರಿರಲಿಲ್ಲ. ಒಣ ಬಿಕ್ಕು ಮಾತ್ರ ಬಂತು. ಅತ್ತೆ ಹೆದರಿ ನನ್ನ ಬೆನ್ನು ಸವರಿದರು. ಆಗ ಹೇಳಿದೆ. ಬಟ್ಟಲಿಗೆ ಸುರಿದದ್ದು, ಮೋರಿಯಲ್ಲಿ ಚೆಲ್ಲಿದ್ದು, ಪೂಜೆಯ ಸುಳ್ಳು, ಎಲ್ಲ. ಅತ್ತೆ ಹಣೆ ಹಣೆ ಬಡಿದುಕೊಂಡರು.

"ಯಾಕ ಮಾಡಿದಿ ಹಿಂಗ, ಖೋಡಿ?"

"ಮಾವಾರು ಅದನ್ನ ಎತ್ತಿ ನೋಡ್ತಾರ್ರಿ. ಮಂದಿಗೆಲ್ಲ ಹೇಳ್ತಾರ. ನನಗ ನಾಚಿಕಿ ಬರ್ತೈತಿ."

ಅತ್ತೆ ಬೈಯುತ್ತಾರೆಂದು ಕಾದೆ. ಅವರು ಆ ಜಾಡಿಯನ್ನು ಮಂಚದ ಕೆಳಗೆ ಇನ್ನಷ್ಟು ಒಳಗೆ ತಳ್ಳಿದರು. ಆಮೇಲೆ ಎದ್ದು, ಬಾಗಿಲಿಗೆ ಹೋಗಿ, ಗಂಡನನ್ನು ಒಳಗೆ ಕರೆದು, "ಅಕಿ ಏನೋ ಹೇಳಬೇಕಂತಾಳ. ಈ ಮಾತು ನನ್ನ ಬಾಯಾಗ ಹಾಕಬ್ಯಾಡ್ರಿ" ಎಂದು ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ಹೀಗೆ ನಾನು ಮಾವನವರೊಂದಿಗೆ ಆಡಿದ ಮೊದಲ ಮಾತು ಇದು: "ಮಾವಾರ, ನಾ ನೀರು ಕುಡದಿಲ್ಲ. ಜಾಡಿ ನೀವು ನೋಡ್ತೀರಿ ಅಂತ ಕುಡದಿಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಿವಿಯ ತನಕ ಕೆಂಪಾದರು. ಸಿಟ್ಟು ಎಂದುಕೊಂಡೆ. ಅವರು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು, ಸಣ್ಣ ದನಿಯಲ್ಲಿ, ಗೋಡೆಗಲ್ಲ, ನನಗೇ ಹೇಳಿದರು.

"ಬಟ್ಟಿ ನೋಡಿದಂಗ ನೋಡಿದೆ ನಾ. ನನಗ ತಿಳೀಲಿಲ್ಲವ್ವಾ."

ಟೋಪಿ ಹಾಕಿಕೊಂಡು ಹೊರಗೆ ಹೋದರು. ಬಾಗಿಲಾಚೆಯಿಂದ ಅವರ ದನಿ ಕೇಳಿಸಿತು: "ನೀರು ಕೊಡು ಅಕಿಗೆ. ಕುಡಿಯೂತನಕ ನಾ ಇಲ್ಲೇ ನಿಂತಿರ್ತೀನಿ." ನಾನು ಕುಡಿದೆ. ಅಂಥ ನೀರನ್ನು ಜನ್ಮದಲ್ಲಿ ಮತ್ತೆ ಕುಡಿದಿಲ್ಲ.

ಮರುದಿನ ಅಂಗಡಿಯಿಂದ ಒಂದು ಪೊಟ್ಟಣ ಬಂತು. ಒಳಗೆ ದಪ್ಪನೆಯ ನೀಲಿ ಬಟ್ಟೆಯ ಗವಸು. ಬಾಯಿಗೆ ಲಾಡಿ ಪೋಣಿಸಿ, ಜಾಡಿಯ ಅಳತೆಗೆ ಸರಿಯಾಗಿ ಹೊಲಿಸಿದ್ದು. ಬೆಳಕಿಗೆ ಹಿಡಿದರೂ ಏನೂ ಕಾಣದಷ್ಟು ಒತ್ತಾದ ನೇಯ್ಗೆ. ಅತ್ತೆ ಅದನ್ನು ಜಾಡಿಗೆ ತೊಡಿಸಿ ಲಾಡಿ ಬಿಗಿದರು. ಆಮೇಲೆ ಮಾವನವರು ದಿನಾ ಬಂದರು, ಆದರೆ ಹೊಸ್ತಿಲು ದಾಟಲಿಲ್ಲ. ಹೊರಗೆ ಬೆಂಚಿನ ಮೇಲೆ ಬಾಗಿಲಿಗೆ ಬೆನ್ನು ಮಾಡಿ ಕೂತು, ಯಾರಾದರೂ ಕೇಳಿದರೆ "ಚಲೋ ಅದಾಳ" ಎಂದಷ್ಟೇ ಹೇಳಿ ಬೇರೆ ಮಾತು ತೆಗೆಯುತ್ತಿದ್ದರು. ಅತ್ತೆ ಎಲ್ಲವನ್ನೂ ಹೇಳಿದಾಗ ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು, ಆಮೇಲೆ ಮರಾಠಿಯಲ್ಲಿ ನನಗೆ ಬೇಕಾದಷ್ಟು ಬೈದರು. ಬೈಸಿಕೊಂಡೆ. ಕೆಲವೇ ದಿನಗಳಲ್ಲಿ ಯೂರಿಯಾ ಇಳಿಯಿತು, ಅದರ ಹಿಂದೆ ಇನ್ನೊಂದೂ. ಮುಂಬೈಯ ಮಾತು ನಿಂತಿತು.

ನಾನು ಮನೆಗೆ ಬಂದ ದಿನ ಮಾವನವರು ಓಣಿಯ ಬಾಯಿಯಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು: "ತಪಾಸ್ ಮಾಡಿದ್ರು. ನನ್ನ ರಕ್ತದ ಗುಂಪು, ಸೊಸಿದು, ಎರಡೂ ಒಂದಽ. ನಾ ಹೇಳಿದ್ದೆ ಇಲ್ಲೋ, ಹೊಂದತೈತಿ ಅಂತ!" ಎಳೆ ಎಳೆ ಕೂಡಿದ ಸೀರೆ ಮಾರಿದಾಗಿನ ಹಿಗ್ಗು ಆ ದನಿಯಲ್ಲಿತ್ತು. ಅದನ್ನು ಕೇಳಿ ನಾನು ಅಡುಗೆಮನೆಯಲ್ಲಿ ಕೂತು ಹೊಟ್ಟೆ ತುಂಬ ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

ಮುಂದಿನ ವರ್ಷಗಳಲ್ಲಿ ಮೆಟ್ಟಿಲು ಹತ್ತಿದೆ, ಒಂದು ಮಗುವನ್ನೂ ಹೆತ್ತೆ. ಮಾವನವರು ಗೋಡೆಗೆ ಚಹಾ ಕೇಳುವುದನ್ನು ಬಿಟ್ಟಿದ್ದರು. "ಚಾ ಆಗೈತೇನವ್ವಾ?" ಎಂದು ನನ್ನನ್ನೇ ಕೇಳುತ್ತಿದ್ದರು.

ತುರ್ತುಪರಿಸ್ಥಿತಿ ಮುಗಿದ ವರ್ಷ ಅವರ ಕಾಲು ಬಾತವು. ನಂತರ ಮುಖ. ಊಟ ಸೇರದಾಯಿತು, ಮಾತಿನ ನಡುವೆ ನಿದ್ದೆ ಬರತೊಡಗಿತು. ನನ್ನನ್ನು ನೋಡಿದ್ದ ವಾರ್ಡಿನ ಡಾಕ್ಟರು ಆಗ ಸ್ವಂತ ದವಾಖಾನೆ ಇಟ್ಟಿದ್ದರು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು. ಮರುದಿನ ಬಂದು ನನ್ನ ಗಂಡನನ್ನೂ ನನ್ನನ್ನೂ ಅಂಗಳಕ್ಕೆ ಕರೆದರು.

"ಎರಡೂ ಕಿಡ್ನಿ ಹೋಗ್ಯಾವ. ನಾ ಆವಾಗ ಹೇಳಿದ್ನೆಲ್ಲ, ತಿಂಗಳಾ ತಿಂಗಳಾ ತೋರಿಸ್ರಿ ಅಂತ. ಒಮ್ಮೆಯೂ ಬರಲಿಲ್ಲ ನಿಮ್ಮವರು."

"ಯಾವಾಗ ಹೇಳಿದ್ರಿ?" ಎಂದರು ನನ್ನ ಗಂಡ.

ಡಾಕ್ಟರು ನನ್ನ ಕಡೆ ನೋಡಿದರು. "ಇವರಿಗೆ ಕೊಡ್ತೀನಿ ಅಂತ ರಕ್ತ ಕೊಟ್ಟಿದ್ರಲ್ಲ, ಆವಾಗ. ಗುಂಪು ಹೊಂದಿತ್ತು. ಆದ್ರ ಅವರ ರಕ್ತದಾಗ ಯೂರಿಯಾ, ಕ್ರಿಯಾಟಿನಿನ್ ಇವರಕಿಂತ ಜಾಸ್ತಿ ಇದ್ದವು. ನಿಮ್ಮ ಕಿಡ್ನಿನ ಬಿಗಡಾಯಿಸ್ಯಾವ, ಉಪ್ಪು ಬಿಡ್ರಿ, ಪ್ರೆಶರ್ ಗುಳಿಗಿ ತಗೋರಿ ಅಂತ ಎದುರಿಗೆ ಕೂಡಿಸಿ ಹೇಳಿದ್ದೆ. ಮನ್ಯಾಗ ಹೇಳಿಲ್ಲೇನು?"

ಹೇಳಿರಲಿಲ್ಲ. ಓಣಿಯ ಬಾಯಿಯಲ್ಲಿ ನಿಂತು ಅರ್ಧವನ್ನು ಹೇಳಿದ್ದರು, ಅರ್ಧವನ್ನು ನುಂಗಿದ್ದರು. ರಕ್ತ ಅವರಿಗೆ ವರ್ಷಗಟ್ಟಲೆ ಮುಂಚೆಯೇ ಹೇಳಿತ್ತು, ತಡವನ್ನೂ ಮಾಡಿರಲಿಲ್ಲ. ನಾನು ಸೀದಾ ಒಳಗೆ ಹೋಗಿ ಅವರ ಮಂಚದ ಹತ್ತಿರ ನಿಂತೆ. ಕೇಳುವಾಗ ನನ್ನ ದನಿಯಲ್ಲಿ ಸಿಟ್ಟೇ ಇತ್ತು.

"ಯಾಕ ಹೇಳಲಿಲ್ರಿ ಮಾವಾರ?"

ಅವರು ಗೋಡೆಯ ಕಡೆ ಹೊರಳಿದರು. ಅಷ್ಟು ವರ್ಷಗಳ ನಂತರ ಮತ್ತೆ ಗೋಡೆಗೆ ಹೇಳಿದರು.

"ಏನಂತ ಹೇಳಲಿ? ಕೊಡಾಕ ಹೋದ ಮಾಲಽ ಎಳಿ ಹೋಗಿತ್ತು. ನೋಡಿಕೊಳ್ಳದ ಕೊಡಾಕ ಹೋಗಿದ್ದೆ. ನಾಚಿಕಿ ಬಂತವ್ವಾ."

ಮುಂಬೈಗೆ ಹೋಗಲು ಅವರು ಒಪ್ಪಲಿಲ್ಲ. ಮನೆಯಲ್ಲೇ ಮಲಗಿದರು. ಮೈಯಿಂದ ಹೊರಗೆ ಹೋದದ್ದನ್ನು ದಿನಾ ಅಳೆದು ಹೇಳಬೇಕು ಎಂದು ಡಾಕ್ಟರು ಹೇಳಿದಾಗ ಮಾವನವರು ಯಾರನ್ನೂ ಹತ್ತಿರ ಬಿಡಲಿಲ್ಲ, ನೀರು ಬೇಡ ಎಂದು ಹಟ ಹಿಡಿದರು. ಆ ಹಟ ನನಗೆ ಗೊತ್ತಿದ್ದ ಹಟ. ಪೆಟ್ಟಿಗೆಯ ತಳದಿಂದ ನೀಲಿ ಗವಸನ್ನು ತೆಗೆದೆ, ದವಾಖಾನೆಯಿಂದ ತಂದ ಜಾಡಿಗೆ ತೊಡಿಸಿ, ಅವರ ಕಣ್ಣೆದುರಿಗೇ ಲಾಡಿ ಬಿಗಿದೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಹಟ ಮಾಡಲಿಲ್ಲ.

ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಜಾಡಿ ಎತ್ತಿಕೊಂಡು ಹೊರಟಾಗ ಹಿಂದಿನಿಂದ ಅವರ ದನಿ ಕೇಳಿತು. ಕಣ್ಣು ಮುಚ್ಚಿಕೊಂಡೇ ಇದ್ದರು.

"ಬೋಣಿ ಆತೇನವ್ವಾ?"

ಗವಸಿನೊಳಗೆ ಜಾಡಿ ಖಾಲಿಯಿತ್ತು.

"ಆಗೈತ್ರಿ ಮಾವಾರ. ನಿನ್ನಿಗಿಂತ ಎರಡು ಬೆರಳು ಜಾಸ್ತಿ ಐತಿ."

"ಚಲೋ ಆತು" ಎಂದರು. ನಾನು ಜಾಡಿಯನ್ನು ಎರಡೂ ಕೈಯಿಂದ, ತುಂಬಿದ್ದನ್ನು ಹಿಡಿಯುವ ಹಾಗೆ, ಹಿಡಿದುಕೊಂಡು ಹಿತ್ತಲಿಗೆ ಹೋದೆ.